ಅಭಿಧಮನಿಯ ಆಹಾರದಲ್ಲಿ ಮೀನೆಣ್ಣೆ

ಉಣ್ಣಲಾರದ, ಕರುಳೂ ಕೆಲಸಮಾಡದ ರೋಗಿಗೆ ಅಭಿಧಮನಿಯ ಮೂಲಕ ಆಹಾರವೀಯುವ ಯತ್ನದಲ್ಲಿ ಬಹುಕಾಲ ತೊಡಕಾಗಿದ್ದುದು ಕೊಬ್ಬು. ನೀರಿನೊಡನೆ ಬೆರೆಯದ ಎಣ್ಣೆಯು ರಕ್ತದಲ್ಲಿ ಹನಿಗಟ್ಟಿ ಶ್ವಾಸಕೋಶದ ಸೂಕ್ಷ್ಮನಾಳಗಳನ್ನು ಮುಚ್ಚಿಬಿಡುವುದು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಕೋರ್ಟನ್ ನಾಯಿಯೊಂದರ ನಾಳಕ್ಕೆ ಆಲಿವ್ ಎಣ್ಣೆಯನ್ನು ಹೊಗಿಸಿದಾಗ ಅದು ಬೇಗನೆ ಸತ್ತಿತು. ಅಮೆರಿಕದ ಹತ್ತಿಬೀಜದೆಣ್ಣೆಯ ಮಿಶ್ರಣವೂ ಅಪಾಯಕರವೆಂದು ಕಂಡು 1960ರ ದಶಕದಲ್ಲಿ ಬಳಕೆ ತಪ್ಪಿತು. ಆ ದಶಕದ ಆರಂಭದಲ್ಲಿಯೇ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡರು ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡಿನಿಂದ ಹದಗೊಳಿಸಿ ‘ಇಂಟ್ರಾಲಿಪಿಡ್’ ಎಂಬ ಮಿಶ್ರಣವನ್ನು ತಂದರು, ಸಮಸ್ಯೆ ಬಗೆಹರಿದಂತಾಯಿತು.

ಬಗೆಹರಿದಂತೆ ಎಂದೇ ಹೇಳುತ್ತೇವೆ. ತಿಂಗಳುಗಟ್ಟಲೆ ಈ ಆಹಾರವೊಂದರಿಂದಲೇ ಬದುಕಿದ ಶಿಶುಗಳಲ್ಲಿ ಪಿತ್ತರಸದ ಹರಿವು ಕುಂದಿ ಯಕೃತ್ತು ಕೆಡುತ್ತಿದ್ದಿತು. ಹಲವು ಶಿಶುಗಳು ತೀರಿಕೊಂಡವು. ಸೋಯಾ ಎಣ್ಣೆಯ ಸಸ್ಯಜನ್ಯ ಸ್ಟೆರಾಲುಗಳ ಮೇಲೆ ಸಂಶಯ ಬಿದ್ದಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯರು ಯೂರೋಪಿನಿಂದ ತರಿಸಿದ ಮೀನೆಣ್ಣೆಯ ಮಿಶ್ರಣವನ್ನಿತ್ತು, ಇಬ್ಬರು ಶಿಶುಗಳ ಯಕೃತ್ತು ಚೇತರಿಸಿದ ವೃತ್ತಾಂತವನ್ನು 2006ರಲ್ಲಿ ಪ್ರಕಟಿಸಿದರು. ಕೇವಲ ಮೀನೆಣ್ಣೆಯ ಈ ಮಿಶ್ರಣಕ್ಕೆ ಆ ದೇಶದ ಸರ್ಕಾರದ ಸಮ್ಮತಿ ದೊರೆತುದು 2018ರಲ್ಲಿ, ಅದೂ ಇಂತಹ ಮಕ್ಕಳಿಗೆ ಮಾತ್ರ. ತೀವ್ರರೋಗಪೀಡಿತ ವಯಸ್ಕರಲ್ಲಿ ಇದರ ಒಮೆಗಾ-3 ಆಮ್ಲಗಳು ಉರಿಯೂತವನ್ನು ತಗ್ಗಿಸಿ ಪ್ರಾಣವುಳಿಸುತ್ತವೆಂಬ ವಾದಕ್ಕಾದರೋ ದೊರೆತ ಪ್ರಮಾಣಗಳು ಒಂದಕ್ಕೊಂದು ಹೊಂದುವುದಿಲ್ಲ. ಶಿಶುಗಳಲ್ಲಿ ಕಂಡುದನ್ನು ಅಲ್ಲಿಗೂ ಹಿಗ್ಗಿಸುವುದು ನಮಗೆ ಒಪ್ಪಿಗೆಯಲ್ಲ.