ಗೋಪುರದ ಮೇಲಿನ ಡೇಗೆ

ಕಡಿದಾದ ಬಂಡೆಗಳಲ್ಲಿ ಬಾಳುವ ಹಕ್ಕಿಗೆ ಪಟ್ಟಣದಲ್ಲೇನು ಕೆಲಸ? ಪೆರಿಗ್ರಿನ್ ಎಂಬ ಡೇಗೆಯ ಚರಿತ್ರೆಯನ್ನು ಓದತೊಡಗಿದಾಗ ನನ್ನಲ್ಲಿ ಮೊದಲು ಮೂಡಿದ ಪ್ರಶ್ನೆಯಿದು. ಅದರ ಕಣ್ಣಿಗೆ ಎತ್ತರದ ಕಟ್ಟಡವೂ ಒಂದು ಕೋಡುಗಲ್ಲೇ; ಕೆಳಗೆ ಹಾರುವ ಪಾರಿವಾಳಗಳು ಚಳಿಗಾಲವಿಡೀ ಮುಗಿಯದ ಉಗ್ರಾಣ. ಅಮೆರಿಕದ ಫಿಲಡೆಲ್ಫಿಯಾ ನಗರದ ನಟ್ಟನಡುವೆ ಈ ಡೇಗೆಗಳು ಚಳಿಗಾಲ ಕಳೆಯುವುದನ್ನು ಡೆಲೋಸ್ ಕಲ್ವರ್ ಎಂಬವರು 1919ರಲ್ಲಿಯೇ 'ದಿ ಆಕ್' ಪತ್ರಿಕೆಯಲ್ಲಿ ಬರೆದಿಟ್ಟರು. ಒಂದೆರಡು ಪುಟದ ಟಿಪ್ಪಣಿಯಷ್ಟೆ. (ಡೇಗೆಯ ನಂಟು ನಮ್ಮವರಿಗೂ ಹಳೆಯದು. ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಡೇಗೆಬೇಟೆಯ ವಿವರವಿದೆ. ವಿಜಯನಗರದ ಸಾಳುವರ ಹೆಸರಿನಲ್ಲಿರುವುದೂ ಬೇಟೆಯ ಹಕ್ಕಿಯೇ.)

ಎರಡನೆಯ ಮಹಾಯುದ್ಧದ ತರುವಾಯ ಈ ಹಕ್ಕಿ ಸದ್ದಿಲ್ಲದೆ ಕಣ್ಮರೆಯಾಗತೊಡಗಿತು. ಬ್ರಿಟನ್ನಿನಲ್ಲಿ ಅದು ಬೆಳಕಿಗೆ ಬಂದ ಬಗೆ ವಿಚಿತ್ರ. ಡೇಗೆಗಳು ವಿಪರೀತ ಹೆಚ್ಚಿ ನಮ್ಮ ಪಂದ್ಯದ ಪಾರಿವಾಳಗಳನ್ನು ತಿನ್ನುತ್ತಿವೆ ಎಂದು ಪಾರಿವಾಳ ಸಾಕುವವರು ದೂರಿತ್ತರು. 1961ರಲ್ಲಿ ಎಣಿಕೆಗೆ ಹೊರಟ ಡೆರೆಕ್ ರ‍್ಯಾಟ್‌ಕ್ಲಿಫ್ ಕಂಡದ್ದು ಬರಿದಾದ ಬಂಡೆಗಳನ್ನು, ಗೂಡಿನಲ್ಲೇ ಒಡೆದ ಮೊಟ್ಟೆಗಳನ್ನು. ಅಮೆರಿಕದ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ 1964ರಲ್ಲಿ ಹುಡುಕಿದ ಹಳೆಯ ಗೂಡುತಾಣಗಳಲ್ಲಿ ಒಂದರಲ್ಲಿಯೂ ಸಂಸಾರ ಹೂಡಿದ ಜೋಡಿಯಿರಲಿಲ್ಲ.

ಗೂಡಿನಿಂದ ಮೊಟ್ಟೆ ಕದ್ದು ಸಂಗ್ರಹಿಸುವ ಚಟವನ್ನು ನಾನು ಮೆಚ್ಚುವವನಲ್ಲ. ಆದರೆ ಆ ಹವ್ಯಾಸಿಗಳು ಚಿಪ್ಪುಗಳ ಮೇಲೆ ಊರು, ಇಸವಿ ಬರೆದಿಡುತ್ತಿದ್ದರು. ರ‍್ಯಾಟ್‌ಕ್ಲಿಫ್ ಆ ಪೆಟ್ಟಿಗೆಗಳನ್ನು ತೆರೆಸಿ, ಚಿಪ್ಪುಗಳನ್ನು ತೂಗಿ, ಅಳೆದು ನೋಡಿದರು. 1940ರ ದಶಕದ ಕೊನೆಯಿಂದೀಚಿನ ಚಿಪ್ಪುಗಳು ತೆಳ್ಳಗಾಗಿದ್ದವು. ಡಿ.ಡಿ.ಟಿ. ಬಳಕೆಗೆ ಬಂದ ಕಾಲವೂ ಅದೇ! ವಿಷ ಕಾಳಿನಿಂದ, ಕೀಟದಿಂದ ಚಿಕ್ಕ ಹಕ್ಕಿಗೆ, ಅದರಿಂದ ಡೇಗೆಗೆ ಏರಿ, ಚಿಪ್ಪಿಗೆ ಸುಣ್ಣ ಕೂಡದಂತೆ ಮಾಡುತ್ತಿತ್ತು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1967ರಲ್ಲಿ 'ನೇಚರ್' ಪತ್ರಿಕೆ ಈ ಲೇಖನವನ್ನು ಪ್ರಕಟಿಸಿತು. ನಾನು ಬಾಲಕನಾಗಿದ್ದಾಗ ಮಲೇರಿಯಾ ಇಲಾಖೆಯವರು ನಮ್ಮ ಮನೆಯ ಗೋಡೆಗೂ ಅದೇ ಪುಡಿಯ ನೀರನ್ನು ಸಿಂಪಡಿಸಿ ಹೋಗುತ್ತಿದ್ದರು. ಅದು ಉಳಿಸಿದ ಪ್ರಾಣಗಳನ್ನು ಮರೆಯುವಂತಿಲ್ಲ. ಹೊಲಗದ್ದೆಗಳಿಗೆ ಲೆಕ್ಕವಿಲ್ಲದೆ ಸುರಿದದ್ದೇ ಅನರ್ಥಕ್ಕೆ ಮೂಲ.

ಅಮೆರಿಕ 1972ರಲ್ಲಿ ಅದನ್ನು ನಿಷೇಧಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಸಂಗಡಿಗರು ಮರಿಗಳನ್ನು ಸಾಕಿ ಬೆಳೆಸಿ ಹಾರಬಿಟ್ಟರು, ಕೆಲವನ್ನು ನಗರದ ಗೋಪುರಗಳಿಂದಲೇ. 1999ರಲ್ಲಿ ಅಲ್ಲಿ ಡೇಗೆಯ ಹೆಸರು ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ಉತ್ತರದ ಹಿಮನಾಡಿನ ಪೆರಿಗ್ರಿನ್‌ಗಳು ಚಳಿಗಾಲದಲ್ಲಿ ನಮ್ಮ ದೇಶಕ್ಕೂ ಬರುತ್ತವೆ. ಬೆಂಗಳೂರಿನ ಎತ್ತರದ ಮಹಡಿಗಳಲ್ಲಿ ವಾಸಿಸುವ ನನ್ನ ಹಳೆಯ ವಿದ್ಯಾರ್ಥಿಗಳು, ಪಾರಿವಾಳಗಳು ಒಮ್ಮೆಗೇ ಬೆದರಿ ಚದುರಿದರೆ ತಲೆಯೆತ್ತಿ ನೋಡಿರಿ. ಕಂಡರೆ ದಿನಾಂಕ ಗುರುತು ಹಾಕಿಕೊಂಡು ನನಗೂ ತಿಳಿಸಿರಿ.