ಒಂದೇ ಎಸೆತ, ಎರಡು ಮಾತು

ಜಮೈಕಾದ ಕಿಂಗ್‌ಸ್ಟನ್ ಹೆಸರನ್ನು ಕರ್ನಾಟಕದ ಹಳೆಯ ಕ್ರಿಕೆಟ್ ಪ್ರೇಮಿಗಳು ಮರೆತಿಲ್ಲ. 1976ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿಗಳ ದಾಳಿಗೆ ಜಿ.ಆರ್. ವಿಶ್ವನಾಥ್ ಅವರ ಕೈಗೆ, ಬ್ರಿಜೇಶ್ ಪಟೇಲ್ ಅವರ ಬಾಯಿಗೆ, ಅಂಶುಮನ್ ಗಾಯಕವಾಡ್ ಅವರ ಕಿವಿಗೆ ಪೆಟ್ಟು ಬಿತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ ಭಾರತದ ಐವರು ಕ್ರೀಸಿಗೇ ಬರಲಿಲ್ಲ. ತಂಡದ ಮೊತ್ತ 97ಕ್ಕೆ ನಿಂತಿತು. ಸಿಟ್ಟು ಸಹಜವೇ ಆಗಿತ್ತು. ಆದರೆ ಅದೇ ವರ್ಷ ಪ್ರಕಟವಾದ ‘ಸನ್ನಿ ಡೇಸ್’ ಕೃತಿಯಲ್ಲಿ ಸುನಿಲ್ ಗಾವಸ್ಕರ್ ಬೌಲಿಂಗನ್ನಷ್ಟೇ ಅಲ್ಲ, ಕಿಂಗ್‌ಸ್ಟನ್‌ನ ಪ್ರೇಕ್ಷಕರನ್ನೂ ಅನಾಗರಿಕರೆಂಬ ಧಾಟಿಯಲ್ಲಿ ಜರೆದರು. ಆಟದ ಮೇಲಿನ ಟೀಕೆ ಜನರ ಮೇಲಿನ ತೀರ್ಪಾಗಿ ಹೊರಳುವುದು ಹೀಗೆ.

ಇದು ಆಗ ಹುಟ್ಟಿದ ಚಾಳಿಯಲ್ಲ. 1950ರಲ್ಲಿ ವೆಸ್ಟ್ ಇಂಡೀಸ್ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಬಳಿಕ ಇಂಗ್ಲಿಷ್ ಪತ್ರಿಕೆಗಳು ಆ ತಂಡಕ್ಕೆ ‘ಕ್ಯಾಲಿಪ್ಸೊ ಕ್ರಿಕೆಟಿಗರು’ ಎಂಬ ಹೆಸರನ್ನು ಅಂಟಿಸಿದವು. ಹೊಗಳಿಕೆಯಂತೆ ಕೇಳಿಸಿದರೂ ಅದರೊಳಗೊಂದು ಕೊಂಕಿತ್ತು: ಇವರದು ಹುಟ್ಟು ಪ್ರತಿಭೆ, ಯೋಚಿಸಿ ಆಡುವ ಶಿಸ್ತು ಇವರಿಗಿಲ್ಲ. ಇಂಥ ನಂಬಿಕೆಯ ಫಲವನ್ನು ನಾಯಕತ್ವದಲ್ಲಿ ಕಾಣಬಹುದು. 1948ರಲ್ಲಿ ಜಾರ್ಜ್ ಹೆಡ್ಲಿ ಒಂದು ಟೆಸ್ಟ್‌ನಲ್ಲಿ ತಂಡವನ್ನು ಮುನ್ನಡೆಸಿದ್ದುಂಟು. ಆದರೆ ಕಪ್ಪು ವರ್ಣೀಯರೊಬ್ಬರು ಇಡೀ ಸರಣಿಗೆ ನಾಯಕರಾಗಲು 1960ರವರೆಗೆ ಕಾಯಬೇಕಾಯಿತು. ಅವರೇ ಫ್ರಾಂಕ್ ವೊರೆಲ್. ಅವರ ಪರವಾಗಿ ಪಟ್ಟು ಹಿಡಿದು ಬರೆದದ್ದೂ ಒಂದು ಪತ್ರಿಕೆಯೇ: ಸಿ.ಎಲ್.ಆರ್. ಜೇಮ್ಸ್ ಸಂಪಾದಕರಾಗಿದ್ದ ಟ್ರಿನಿಡಾಡ್‌ನ ‘ದಿ ನೇಷನ್’.

ವೇಗದ ಬೌಲಿಂಗ್ ವಿಷಯಕ್ಕೇ ಬರೋಣ. 1974-75ರಲ್ಲಿ ಆಸ್ಟ್ರೇಲಿಯದ ಲಿಲೀ ಮತ್ತು ಥಾಮ್ಸನ್ ಇಂಗ್ಲೆಂಡ್ ತಂಡವನ್ನು ನಡುಗಿಸಿದರು. ಮೊದಲ ಟೆಸ್ಟ್‌ನಲ್ಲೇ ಡೆನ್ನಿಸ್ ಅಮಿಸ್ ಹಾಗೂ ಜಾನ್ ಎಡ್ರಿಚ್ ಅವರ ಕೈಮೂಳೆ ಮುರಿಯಿತು. 41ರ ಹರೆಯದ ಕಾಲಿನ್ ಕೌಡ್ರಿ ಅವರನ್ನು ಊರಿನಿಂದ ಕರೆಸಬೇಕಾಯಿತು. ಆ ಜೋಡಿಯನ್ನು ಆಸ್ಟ್ರೇಲಿಯದ ಜನ ತಲೆಯ ಮೇಲೆ ಹೊತ್ತು ಮೆರೆಸಿದರು. ಮರುವರ್ಷ ಅದೇ ಜೋಡಿಯೆದುರು 5-1ರಿಂದ ಸೋತ ಕ್ಲೈವ್ ಲಾಯ್ಡ್ ಪಾಠ ಕಲಿತು ವೇಗಿಗಳ ಪಡೆ ಕಟ್ಟಿದಾಗ ಮಾತ್ರ ‘ಹಿಂಸೆ’, ‘ಏಕತಾನ’ ಎಂಬ ಪದಗಳು ಅಂಕಣಗಳಲ್ಲಿ ಮೆರೆದವು. 1991ರಲ್ಲಿ ಓವರಿಗೆ ಒಬ್ಬ ಬ್ಯಾಟ್ಸ್‌ಮನ್‌ಗೆ ಒಂದೇ ಬೌನ್ಸರ್ ಎಂಬ ನಿಯಮ ಬಂದಾಗ, ಇದು ತಮಗೇ ಇಟ್ಟ ಗುರಿಯೆಂದು ವೆಸ್ಟ್ ಇಂಡೀಸ್‌ನಲ್ಲಿ ಅನೇಕರು ಭಾವಿಸಿದರು.

ಈ ದೂರು ಬರೀ ಅನಿಸಿಕೆಯೇ? ಫುಟ್‌ಬಾಲ್ ವೀಕ್ಷಕ ವಿವರಣೆಯನ್ನು ಕುರಿತು ರನ್‌ರಿಪೀಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನ 80 ಪಂದ್ಯಗಳ 2,073 ಹೇಳಿಕೆಗಳನ್ನು ಪರಿಶೀಲಿಸಿತು. ಬುದ್ಧಿವಂತಿಕೆಗೆ ಸಂದ ಹೊಗಳಿಕೆಯಲ್ಲಿ ಶೇ 62.6ರಷ್ಟು ತಿಳಿ ಮೈಬಣ್ಣದವರ ಪಾಲಾಗಿತ್ತು. ಗಾಢ ಮೈಬಣ್ಣದವರ ಮೈಬಲ, ವೇಗಗಳೇ ಹೆಚ್ಚು ಪ್ರಸ್ತಾಪವಾಗಿದ್ದವು.

ಅದೇ ವರ್ಷದ ಜುಲೈನಲ್ಲಿ ಸೌತಾಂಪ್ಟನ್‌ನಲ್ಲಿ ಮಳೆಯಿಂದ ಆಟ ನಿಂತಿದ್ದಾಗ, ವೀಕ್ಷಕ ವಿವರಣೆಗಾರ ಮೈಕೆಲ್ ಹೋಲ್ಡಿಂಗ್ ವರ್ಣಭೇದದ ಬಗ್ಗೆ ಟಿವಿಯಲ್ಲಿ ಮನ ಕಲಕುವಂತೆ ಮಾತನಾಡಿದರು. ಕಪ್ಪು ಜನರ ಸಾಧನೆಯನ್ನು ಶಾಲೆಯ ಪಾಠಗಳು ಹೇಳುವುದೇ ಇಲ್ಲ ಎಂಬುದು ಅವರ ನೋವಾಗಿತ್ತು. 1976ರಲ್ಲಿ ಕಿಂಗ್‌ಸ್ಟನ್‌ನಲ್ಲಿ ನಮ್ಮವರ ಮೇಲೆ ಬೌನ್ಸರ್ ಸುರಿಸಿದವರಲ್ಲಿ ಇದೇ ಹೋಲ್ಡಿಂಗ್ ಕೂಡ ಒಬ್ಬರು. ಅಂದಿನ ಬೌಲಿಂಗನ್ನು ಇಂದಿಗೂ ಟೀಕಿಸಬಹುದು. ಆದರೆ ಲಿಲೀ, ಥಾಮ್ಸನ್ ಅವರಿಗೂ ಅದೇ ಅಳತೆಗೋಲು ಹಿಡಿಯಬೇಕು.