ಒಂದು ಕಾಯುವ ಕೋಣೆ, ಒಂದು ಶಾಂತಿನಗರ

2023ರ ಅಕ್ಟೋಬರ್ ಮೊದಲ ವಾರ. ಈದ್ ಮಿಲಾದ್ ಮೆರವಣಿಗೆ ವೇಳೆ ಕಲ್ಲು ತೂರಾಟ ನಡೆದು ಶಿವಮೊಗ್ಗದ ರಾಗಿಗುಡ್ಡದಲ್ಲಿ ನಿಷೇಧಾಜ್ಞೆ ಜಾರಿಯಾಗಿತ್ತು. ಸುದ್ದಿಗೆಂದು ಹೋದಾಗ ಅಂಗಡಿಗಳ ಶಟರ್ ಇಳಿದಿದ್ದವು. ಈ ಬಡಾವಣೆಗೆ ಇನ್ನೊಂದು ಹೆಸರಿದೆ: ಶಾಂತಿನಗರ. ಇಂಥ ನೋವಿನ ನೆನಪನ್ನು ಊರು ಏನು ಮಾಡಬೇಕು? ಮುಚ್ಚಿಡಬೇಕೇ, ಮುಂದಿಟ್ಟುಕೊಂಡು ಮಾತಾಡಬೇಕೇ?

ಮುಂದಿಟ್ಟುಕೊಂಡ ಊರೊಂದಿದೆ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್.

1893ರ ಜೂನ್ 7ರ ರಾತ್ರಿ ಅಲ್ಲಿನ ರೈಲ್ವೆ ನಿಲ್ದಾಣದಲ್ಲಿ 23 ವರ್ಷದ ವಕೀಲ ಗಾಂಧಿಯನ್ನು ರೈಲಿನಿಂದ ಹೊರದಬ್ಬಿದರು. ಕೈಯಲ್ಲಿ ಮೊದಲ ದರ್ಜೆ ಟಿಕೆಟ್ ಇತ್ತು. ಬಿಳಿಯ ಪ್ರಯಾಣಿಕನೊಬ್ಬನಿಗೆ ಇವರ ಮೈಬಣ್ಣ ಸಹಿಸಲಿಲ್ಲ, ಅಷ್ಟೇ. ಕೊರೆವ ಚಳಿಯಲ್ಲಿ ಕಾಯುವ ಕೋಣೆಯಲ್ಲಿ ಕೂತರು. ಕೋಟು ಸಾಮಾನಿನ ಜೊತೆಗಿತ್ತು. ಮತ್ತೆ ಅವಮಾನವಾದೀತೆಂದು ಕೇಳಲೂ ಇಲ್ಲ. ಊರಿಗೆ ವಾಪಸಾಗಬೇಕೇ, ನಿಂತು ಹೋರಾಡಬೇಕೇ ಎಂದು ಯೋಚಿಸಿ, ನಿಲ್ಲುವುದೆಂದು ತೀರ್ಮಾನಿಸಿದರು.

ಆ ಕಾಯುವ ಕೋಣೆಯೇ ಇಂದು ಸಂಗ್ರಹಾಲಯ. 1997ರಲ್ಲಿ ಅಧ್ಯಕ್ಷ ಮಂಡೇಲಾ ಅದೇ ಊರಿನಲ್ಲಿ, ತೀರಿಕೊಂಡು ಅರ್ಧ ಶತಮಾನವಾಗುತ್ತ ಬಂದಿದ್ದ ಗಾಂಧಿಗೆ ನಗರದ ಗೌರವ ಸಲ್ಲಿಸಿದರು. ಅವಮಾನ ಮಾಡಿದ ಜಾಗವೇ ಆ ಅವಮಾನದ ಕಥೆ ಹೇಳುತ್ತಿದೆ.

ನಮ್ಮಲ್ಲೂ ರೈಲು ಸಂಗ್ರಹಾಲಯವಿದೆ. ಮೈಸೂರಿನದು 1979ರದ್ದು. ಹಳೆಯ ಎಂಜಿನ್, ಬೋಗಿಗಳನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಆ ರೈಲು ಹತ್ತಿದ ಜನರ ಕಥೆಯನ್ನೂ ಯಾರಾದರೂ ಹೇಳಬೇಕಲ್ಲ?

ಆ ಕಥೆ ಶಿವಮೊಗ್ಗಕ್ಕೂ ಇದೆ. ಬೀರೂರಿನಿಂದ ಇಲ್ಲಿಗೆ ರೈಲು ಬಂದದ್ದು 1899ರಲ್ಲಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳು ಅಕ್ಕಪಕ್ಕ ಬೆಳೆದವು. 1927ರ ಆಗಸ್ಟ್‌ನಲ್ಲಿ ಗಾಂಧಿ ಶಿವಮೊಗ್ಗ, ಭದ್ರಾವತಿ ಎರಡಕ್ಕೂ ಬಂದುಹೋದರು.

ಇಡೀ ನಿಲ್ದಾಣವನ್ನು ಮುಚ್ಚಿ ಸಂಗ್ರಹಾಲಯ ಮಾಡಬೇಕಿಲ್ಲ. ಒಂದು ಕೋಣೆ ಸಾಕು. ಒಂದು ಗೋಡೆಗೆ 1893ರ ಆ ರಾತ್ರಿ, ಇನ್ನೊಂದಕ್ಕೆ ಭದ್ರಾವತಿಗೆ ದುಡಿಯಲು ಬಂದವರ ಫೋಟೊ, ಮತ್ತೊಂದಕ್ಕೆ ರಾಗಿಗುಡ್ಡದ ಎರಡೂ ಕಡೆಯ ಮನೆಗಳವರು ತಮ್ಮ ಮಾತಲ್ಲೇ ಹೇಳಿದ ಆ ದಿನದ ಅನುಭವ. ತೀರ್ಪು ಕೊಡುವುದು ಕೋರ್ಟಿನ ಕೆಲಸ. ಕೇಳಿಸಿಕೊಳ್ಳುವುದು ನಮ್ಮ ಕೆಲಸ.

ರೈಲಿಗೆ ಕಾಯುವಾಗ ಯಾರ ಪಕ್ಕ ಯಾರು ಕೂತಿದ್ದಾರೆಂದು ನಾವು ಕೇಳುವುದಿಲ್ಲ, ಸರಿದು ಜಾಗ ಕೊಡುತ್ತೇವೆ. ಆ ಅಭ್ಯಾಸ ನಿಲ್ದಾಣ ದಾಟಿ ಓಣಿಗೂ ಬಂದರೆ ಶಾಂತಿನಗರವೆಂಬ ಹೆಸರು ಬೋರ್ಡಿನಲ್ಲಷ್ಟೇ ಉಳಿಯುವುದಿಲ್ಲ.